ಹದಿನೇಳು ಪ್ರಶ್ನೆಗಳೂ ಒಂದು ಕಿಟಕಿಯೂ

ಸಾವಿರದ ಒಂಬೈನೂರ ಎಂಬತ್ತೆರಡನೆಯ ಇಸವಿಯ ಚಿತ್ರಾ ಪೂರ್ಣಿಮೆಯ ದಿನ, ಪುಟ್ಟೇನಹಳ್ಳಿಯ ನಲವತ್ತನಾಲ್ಕು ಮಂದಿಗೆ ಕನ್ಯಾಕುಮಾರಿಯಲ್ಲಿ ಬಿಸಿ ರಾಗಿಮುದ್ದೆ ಉಣ್ಣಿಸಿದವನು ತಾನು ಎಂಬುದನ್ನು ತಿಮ್ಮರಾಯಪ್ಪನವರು ಮರೆತ ದಿನವಿಲ್ಲ. ಬೇರೆಯವರನ್ನು ಮರೆಯಲು ಬಿಟ್ಟ ದಿನವೂ ಇಲ್ಲ.

ಆ ಕತೆಗೆ ಅವರು ತಿದ್ದಿ ತೀಡಿ ಕಟ್ಟಿದ ಒಂದು ಕ್ರಮವಿತ್ತು. ಯಾತ್ರೆಯ ಬಸ್ಸಿನ ಜೊತೆ ಬಂದಿದ್ದ ಅಡುಗೆಯವನಿಗೆ ಮದುರೆಯಲ್ಲಿ ಜ್ವರ ಬಂದು ಅವನನ್ನು ಅಲ್ಲಿಯೇ ಬಿಟ್ಟು ಹೊರಡಬೇಕಾದದ್ದು ಮೊದಲ ಘಟ್ಟ. ಹುಣ್ಣಿಮೆಯ ಜನಜಂಗುಳಿಯಲ್ಲಿ ಹನ್ನೊಂದು ಛತ್ರಗಳು ಜಾಗವಿಲ್ಲವೆಂದು ಬಾಗಿಲು ಹಾಕಿಕೊಂಡದ್ದು ಎರಡನೆಯದು. ಹನ್ನೆರಡನೆಯ ಛತ್ರದಲ್ಲಿ ಮುದಿ ಮ್ಯಾನೇಜರು ಬಾವಿಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕುಳಿತಿದ್ದರು. ಹಗ್ಗ ಹರಿದು ಎರಡು ಹಿತ್ತಾಳೆ ಕೊಡಗಳು ಬಾವಿಗೆ ಬಿದ್ದಿದ್ದವು. ಅವನ್ನು ಎತ್ತಲೆಂದು ಇಳಿಬಿಟ್ಟ ಪಾತಾಳಗರಡಿಯೂ ಅವುಗಳ ಬೆನ್ನು ಹಿಡಿದು ಹೋಗಿತ್ತು. ಊರ ಬಾವಿಗಳ ಹೂಳೆತ್ತಿಯೇ ಬೆಳೆದಿದ್ದ ಮೂವತ್ತು ವರ್ಷದ ತಿಮ್ಮರಾಯಪ್ಪ ಪಂಚೆ ಎತ್ತಿ ಕಟ್ಟಿ, ಕಲ್ಲಿನ ಸಂದುಗಳಲ್ಲಿ ಕಾಲೂರಿ ಇಳಿದು, ಕೊಡಗಳನ್ನೂ ಗರಡಿಯನ್ನೂ ಮೇಲಕ್ಕೆ ಕಳಿಸಿ, ಎರಡು ಮೊಣಕೈಗಳನ್ನೂ ತರಚಿಕೊಂಡು ಹತ್ತಿ ಬಂದರು. ಪ್ರತಿಯಾಗಿ ಛತ್ರದ ಪಡಸಾಲೆಯೂ ಅಡುಗೆಮನೆಯೂ ಪುಟ್ಟೇನಹಳ್ಳಿಯವರ ಪಾಲಾದವು.

ಸಂಜೆ ಅವರು ತಂಡವನ್ನು ಕಡಲ ದಂಡೆಗೆ ಕರೆದೊಯ್ದು, ಒಂದು ಕಡೆ ಸೂರ್ಯ ಮುಳುಗುತ್ತಿರುವಾಗಲೇ ಇನ್ನೊಂದು ಕಡೆ ಚಂದ್ರ ಮೂಡುವುದನ್ನು ತೋರಿಸಿದರು. ಅಲ್ಲಿ ತಲೆ ಎಣಿಸಿದರೆ ನಲವತ್ತಮೂರು. ಮತ್ತೆ ಎಣಿಸಿದರು; ಮತ್ತೆಯೂ ಅಷ್ಟೇ. ಕೊನೆಗೆ, ಎಣಿಸುವವನು ತನ್ನನ್ನು ಬಿಟ್ಟುಬಿಟ್ಟಿದ್ದಾನೆ ಎಂದು ಹೊಳೆದು, ತನ್ನನ್ನೂ ಸೇರಿಸಿ ನಲವತ್ತನಾಲ್ಕು ಮಾಡಿದಾಗ ಹೋದ ಜೀವ ಬಂದಂತಾಯಿತು. ಕೇಳುವವರು ನಗುವುದು ಇಲ್ಲಿಯೇ. ನಗಲೆಂದೇ ಅವರು ಈ ಜಾಗದಲ್ಲಿ ಒಂದು ಕ್ಷಣ ನಿಲ್ಲಿಸುತ್ತಿದ್ದರು. ಆಮೇಲೆ ಛತ್ರಕ್ಕೆ ಮರಳಿದರೆ ಎಲೆಗಳ ಮೇಲೆ ಹಬೆಯಾಡುವ ಮುದ್ದೆ, ಹುರುಳಿಕಾಳಿನ ಸಾರು. ಅಲ್ಲಿಗೆ ಕತೆ ಮುಗಿಯುತ್ತಿತ್ತು.

ಹೀಗಾಗಿ, ಸಂಕ್ರಾಂತಿ ಕಳೆದ ಮೇಲೆ ಮನೆಮಂದಿಯೆಲ್ಲ ಒಂದು ವಾರ ಅಂಡಮಾನಿಗೆ ಹೋಗಿಬರುವುದೆಂದು ಮಗ ನಂದಕುಮಾರ್ ಹೇಳಿದ ಕೂಡಲೇ ತಿಮ್ಮರಾಯಪ್ಪನವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಉಳಿಯುವ ಜಾಗ, ಉಣ್ಣುವ ಜಾಗ ಎರಡನ್ನೂ ಗೊತ್ತುಮಾಡುವ ಹೊಣೆ ತಮ್ಮದೇ ಎಂದು ಸಾರಿದರು.

"ಅಪ್ಪ, ಈಗೆಲ್ಲ ಆನ್‌ಲೈನಲ್ಲಿ ಆಗೋಗುತ್ತೆ," ಎಂದ ನಂದಕುಮಾರ್. "ರೆಸಾರ್ಟ್ ಪ್ಯಾಕೇಜ್ ಇದೆ. ಬೆಳಗ್ಗೆ ತಿಂಡಿನೂ ಅವ್ರೇ ಕೊಡ್ತಾರೆ."

"ಪ್ಯಾಕೇಜು ಅಂದ್ರೆ ಅವ್ರು ಹಾಕಿದ್ದನ್ನ ನಾವು ತಿನ್ನೋದು. ನಲವತ್ತನಾಲ್ಕು ಜನಾನ ಕರ್ಕೊಂಡು ಹೋದೋನಿಗೆ ಐದು ಜನ ಒಂದು ಲೆಕ್ಕವಾ?"

"ಸರಿ. ಭಾನುವಾರದವರೆಗೂ ಟೈಮ್ ತಗೊಳ್ಳಿ. ಆಗ್ಲಿಲ್ಲ ಅಂದ್ರೆ ಪ್ಯಾಕೇಜ್."

ಭಾನುವಾರ ತಪ್ಪಿದರೆ ಆ ಪ್ರವಾಸದಲ್ಲಿ ತಮ್ಮ ಸ್ಥಾನ ಏನೆಂಬುದು ತಿಮ್ಮರಾಯಪ್ಪನವರಿಗೆ ಗೊತ್ತಿತ್ತು. ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಲ್ಲುವ, ಹೆಸರು ಬರೆದ ಚೀಟಿಯೊಂದು ಕಡಿಮೆಯಿರುವ ಸೂಟ್‌ಕೇಸು.

ಅಡುಗೆಮನೆಯ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಅಕ್ಕಯಮ್ಮನವರು ತಲೆಯೆತ್ತದೆ, "ಎಲ್ಲಾದ್ರೂ ಮಾಡಿ, ರೂಮಿಂದ ಸಮುದ್ರ ಕಾಣೋ ಹಂಗಿರ್ಲಿ," ಎಂದರು. ತಿಮ್ಮರಾಯಪ್ಪನವರು ಹೂಂಗುಟ್ಟಿದರು. ದ್ವೀಪವೆಂದ ಮೇಲೆ ಸಮುದ್ರ ಎಲ್ಲಿಗೆ ಹೋದೀತು ಎಂಬ ಧೈರ್ಯದ ಮೇಲೆ ಆ ಮಾತನ್ನು ಬರೆದುಕೊಳ್ಳುವ ಗೋಜಿಗೆ ಹೋಗಲಿಲ್ಲ.

ಜಾಗ ಆರಿಸುವ ವಿದ್ಯೆ ತಮಗೆ ಕರತಲಾಮಲಕ ಎಂಬ ಅವರ ನಂಬಿಕೆಗೆ ಕಾರಣವಿತ್ತು. ಕೆರೆಯ ಹಿಂದಿನ ಅವರ ರಾಗಿ ಹೊಲ ಮೂರಂತಸ್ತಿನ ಮನೆಯಾಗಿ ಮೂವತ್ತು ವರ್ಷವಾಗಿತ್ತು. ಅಷ್ಟೂ ವರ್ಷ ಅವರು ಬಾಡಿಗೆದಾರರನ್ನು ಪರೀಕ್ಷಿಸುತ್ತ ಬಂದಿದ್ದರು. ಅದಕ್ಕೆಂದು ಹದಿನೇಳು ಪ್ರಶ್ನೆಗಳನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದು, ಪ್ಲಾಸ್ಟಿಕ್ ಹಾಳೆ ಹಾಕಿಸಿ, ದೇವರ ಫೋಟೋದ ಹಿಂದೆ ಇಟ್ಟಿದ್ದರು. ಊರು ಯಾವುದು, ಮನೆಯಲ್ಲಿ ಎಷ್ಟು ಜನ, ಊರಿಂದ ನೆಂಟರು ಬಂದರೆ ಎಷ್ಟು ದಿನ ಇರುತ್ತಾರೆ ಎಂಬಲ್ಲಿ ಆರಂಭವಾಗಿ, ಸಂಪಿನ ನೀರು, ಗೇಟಿನ ಬೀಗ, ಮಹಡಿಯ ಮೇಲೆ ಹಪ್ಪಳ ಒಣಗಿಸುವ ಹಕ್ಕು ಇವುಗಳ ಮೂಲಕ ಹಾದು, ಗೋಡೆಗೆ ಮೊಳೆ ಹೊಡೆಯಬಾರದು ಎಂಬ ಹದಿನೇಳನೆಯದಕ್ಕೆ ಅದು ಮುಗಿಯುತ್ತಿತ್ತು. ಹದಿನೇಳನೆಯದು ನಿಜಕ್ಕೂ ಪ್ರಶ್ನೆಯಲ್ಲ, ಆಜ್ಞೆ. ಆದರೆ ಅದನ್ನು ಎತ್ತಿ ತೋರಿಸುವ ಎದೆಗಾರಿಕೆ ಇದುವರೆಗೆ ಯಾವ ಬಾಡಿಗೆದಾರನಿಗೂ ಬಂದಿರಲಿಲ್ಲ.

ಮೊದಲ ಮೂರು ದಿನ ಮೊಮ್ಮಗಳು ಸಂಹಿತಾಳ ಸಹಾಯ ಪಡೆದರು. ಜಯನಗರದ ಕಾಲೇಜೊಂದರಲ್ಲಿ ಓದುತ್ತಿದ್ದ ಆಕೆ ಸಂಜೆ ಬಂದು ಫೋನಿನಲ್ಲಿ ಹೋಟೆಲುಗಳನ್ನು ತೋರಿಸುವಳು, ಜನ ಬರೆದ ಅಭಿಪ್ರಾಯಗಳನ್ನು ಓದಿ ಹೇಳುವಳು.

"ತಾತ, ಇದಕ್ಕೆ ಸಾವಿರದ ಇನ್ನೂರು ಜನ ಫೈವ್ ಸ್ಟಾರ್ ಕೊಟ್ಟಿದಾರೆ."

"ಒಂದು ಸ್ಟಾರ್ ಕೊಟ್ಟೋರ್ದು ಓದು."

"ಆರೇ ಜನ ಇದಾರೆ."

"ಅವ್ರದ್ದೇ ಓದು. ಹೊಗಳೋನು ಅವ್ರ ಸೋದರಮಾವನೇ ಇರಬಹುದು. ಬಯ್ಯೋನಿಗೆ ಏನು ಲಾಭ ಹೇಳು?"

ಈ ನ್ಯಾಯದ ಪ್ರಕಾರ ಅಂಡಮಾನಿನಲ್ಲಿ ಮನುಷ್ಯನು ತಂಗಬಹುದಾದ ಒಂದು ಹೋಟೆಲೂ ಉಳಿಯಲಿಲ್ಲ. ಒಂದರಲ್ಲಿ ಕಪ್ಪೆ ಕೂಗಿ ನಿದ್ದೆ ಬಂದಿರಲಿಲ್ಲ. ಇನ್ನೊಂದರಲ್ಲಿ ತಟ್ಟೆಯ ಮೀನು ಊಟ ಮುಗಿಯುವ ತನಕ ಒಬ್ಬ ಗಿರಾಕಿಯನ್ನೇ ದುರುಗುಟ್ಟಿ ನೋಡಿತ್ತು. ಮೂರನೆಯದರಲ್ಲಿ ಇಡ್ಲಿಯ ಜೊತೆ ಸಾಸ್ ಕೊಟ್ಟಿದ್ದರು. ಇದನ್ನು ಕೇಳಿ ತಿಮ್ಮರಾಯಪ್ಪನವರು ಕಣ್ಣುಮುಚ್ಚಿಕೊಂಡರು.

"ಅದಕ್ಕೇ ಹೇಳೋದು, ಅಡುಗೆಮನೆ ಇರೋ ಮನೆ ಬೇಕು. ಹಿಟ್ಟು ನಾವೇ ತಗೊಂಡೋಗ್ತೀವಿ," ಎಂದು ತೀರ್ಪು ಕೊಟ್ಟು, ಮರುದಿನವೇ ಬನಶಂಕರಿಯ ಮಾರುಕಟ್ಟೆಗೆ ಹೋಗಿ ರಾಗಿ ತಂದು, ಗಿರಣಿಯಲ್ಲಿ ನಿಂತು ಹಿಟ್ಟು ಮಾಡಿಸಿಕೊಂಡು ಬಂದರು. ಎಂಟು ಕಿಲೋ. ಸೊಸೆ ಸೌಮ್ಯ ಹಿಟ್ಟಿನ ಚೀಲವನ್ನೂ ಮಾವನವರ ಮುಖವನ್ನೂ ನೋಡಿದಳು.

"ಮಾವ, ಫ್ಲೈಟಲ್ಲಿ ಒಬ್ರಿಗೆ ಹದಿನೈದು ಕೆಜಿ ಅಷ್ಟೇ."

"ನಂಗೆ ಎರಡು ಪಂಚೆ, ಎರಡು ಷರ್ಟು. ಮಿಕ್ಕಿದ್ದು ಹಿಟ್ಟಿಗೆ."

"ಮುದ್ದೆ ಕೋಲು?"

"ಕೈಲಿ ಹಿಡ್ಕೊಂಡು ಹೋಗ್ತೀನಿ."

"ಅದನ್ನ ಹಿಡ್ಕೊಂಡು ವಿಮಾನ ಹತ್ತಕ್ಕೆ ಬಿಡ್ತಾರಾ ಮಾವ?" ಎಂದು ಸೌಮ್ಯ ಕೇಳಿದ್ದಕ್ಕೆ ಅವರು ಚೀಲದ ಬಾಯಿಯನ್ನು ಬಿಗಿದು ಕಟ್ಟಿದರು. ಉತ್ತರವಿಲ್ಲದ ಪ್ರಶ್ನೆಗಳನ್ನು ತಲೆಹರಟೆ ಎಂದು ಎಣಿಸುವುದು ಅವರ ಹಳೆಯ ಪದ್ಧತಿ.

ಶುಕ್ರವಾರ ಸಂಹಿತಾ ಅಡುಗೆಮನೆಯಿರುವ ಐದಾರು ಮನೆಗಳ ನಂಬರುಗಳನ್ನು ಬರೆದುಕೊಟ್ಟು ಕಾಲೇಜಿಗೆ ಹೋದಳು. ಪಟ್ಟಿಯ ಮೊದಲ ಮನೆ ದಂಡೆಯ ಮೇಲೇ ಇತ್ತು. ಅದರ ಒಡತಿ ಅಲ್ಲಿ ನೆಲೆಸಿದ ತಮಿಳು ಹೆಂಗಸು. ತರಕಾರಿ ಮಂಡಿಯಲ್ಲಿ ಕಲಿತ ತಮ್ಮ ತಮಿಳಿಗೆ ಕೊನೆಗೂ ಕಾಲ ಬಂತೆಂದು ತಿಮ್ಮರಾಯಪ್ಪನವರಿಗೆ ಹಿಗ್ಗಾಯಿತು. ಫೋನಿನ ಸದ್ದು ಜೋರು ಮಾಡಿಕೊಡಲು ಎರಡನೆಯ ಮಹಡಿಯ ಬಾಡಿಗೆದಾರ ಸಂಗಮೇಶನನ್ನು ಕರೆದರು. ಇಳಕಲ್ಲಿನ ಕಡೆಯವನಾದ ಸಂಗಮೇಶ ಆ ದಿನ ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದ. ಹದಿನೇಳು ಪ್ರಶ್ನೆಗಳನ್ನು ಎರಡು ವರ್ಷದ ಹಿಂದೆ ಅದೇ ಪಡಸಾಲೆಯಲ್ಲಿ ನಿಂತು ಉತ್ತರಿಸಿದ್ದವನು.

ಮಾತು ಸೊಗಸಾಗಿಯೇ ಆರಂಭವಾಯಿತು. ಒಡತಿ ಸ್ವಾಗತ ಹೇಳಿದಳು, ಮಹಡಿಯ ಮೇಲೆ ಎರಡು ಕೋಣೆ ಇದೆ ಎಂದಳು. ಆದರೆ ಪ್ಲಾಸ್ಟಿಕ್ ಹಾಳೆ ತೊಡೆಯ ಮೇಲಿತ್ತು. ಮೂವತ್ತು ವರ್ಷದ ಅಭ್ಯಾಸ ಯಾವ ಘಳಿಗೆಯಲ್ಲಿ ಅವರ ನಾಲಗೆಯನ್ನು ಏರಿ ಕುಳಿತಿತೋ ತಿಳಿಯದು. ನಿಮ್ಮ ಮೂಲ ಊರು ಯಾವುದು ಎಂದರು. ಯಜಮಾನರು ಏನು ಮಾಡುತ್ತಾರೆ ಎಂದರು. ನಿಮ್ಮಲ್ಲಿಗೆ ನೆಂಟರಿಷ್ಟರು ಬಹಳ ಬರುತ್ತಾರೆಯೇ ಎಂದರು. ಆಕೆ ತಾಳ್ಮೆಯಿಂದ ಉತ್ತರಿಸುತ್ತ ಹೋದಳು. ಸಂಗಮೇಶ ಕೈಯಾಡಿಸಿ ಸನ್ನೆ ಮಾಡುತ್ತಿದ್ದುದು ಅವರ ಕಣ್ಣಿಗೆ ಬಿತ್ತು, ಬುದ್ಧಿಗೆ ಬೀಳಲಿಲ್ಲ. ಕಟ್ಟಕಡೆಗೆ, ಧ್ವನಿಯನ್ನು ಸ್ವಲ್ಪ ಗಡುಸುಮಾಡಿ, "ಇನ್ನೊಂದು ವಿಷಯ. ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ," ಎಂದು ತಮಿಳಿನಲ್ಲಿ ವಿಧಿಸಿದರು.

ಆ ಕಡೆ ಒಂದು ಅಲೆ ದಂಡೆಗೆ ಬಡಿದ ಸದ್ದು ಕೇಳಿಸಿತು.

"ಸಾರ್, ಗೋಡೆ ನನ್ನದು," ಎಂದಳು ಒಡತಿ. "ನೀವು ಬೇರೆ ಜಾಗ ನೋಡಿಕೊಳ್ಳಿ."

ಸಂಗಮೇಶ ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ಅಂಕಲ್‌ರೀ, ನೀವು ಮನಿ ಬಾಡಿಗಿ ಕೊಡಾಕತ್ತಿಲ್ರೀ. ತಗೊಳ್ಳಾಕತ್ತೀರಿ."

"ಎರಡೂ ಒಂದೇ. ಮನುಷ್ಯ ಎಂಥೋನು ಅಂತ ತಿಳ್ಕೋಬೇಕಪ್ಪ."

"ತಿಳ್ಕೊಂಡ್ಲಲ್ರೀ ಆಕಿ," ಎಂದು ಸಂಗಮೇಶ ಹೇಳಿ, ಆಫೀಸಿನ ಮೀಟಿಂಗ್ ನೆನಪಾದವನಂತೆ ಮಹಡಿ ಹತ್ತಿಬಿಟ್ಟ.

ತಮ್ಮ ಜೀವಮಾನದಲ್ಲಿ ನಲವತ್ತಾದರೂ ಸಂಸಾರಗಳಿಗೆ ಮನೆ ಇಲ್ಲವೆಂದು ಹೇಳಿ ಕಳಿಸಿದ್ದ ತಿಮ್ಮರಾಯಪ್ಪನವರಿಗೆ, ಇಲ್ಲವೆನ್ನಿಸಿಕೊಳ್ಳುವುದು ಹೇಗಿರುತ್ತದೆಂದು ಅಂದು ತಿಳಿಯಿತು. ಆದರೂ ಅವರು ಸೋಲುವ ಜಾತಿಯವರಲ್ಲ. ಕನ್ಯಾಕುಮಾರಿಯಲ್ಲಿ ಹನ್ನೊಂದು ಛತ್ರ ಇಲ್ಲವೆಂದ ಮೇಲಲ್ಲವೇ ಹನ್ನೆರಡನೆಯದು ಸಿಕ್ಕಿದ್ದು. ಶನಿವಾರ ನಾಲ್ಕನೆಯ ನಂಬರಿನಲ್ಲಿ ಅವರಿಗೆ ತಮ್ಮಂಥವನೇ ಒಬ್ಬ ಸಿಕ್ಕಿದ. ನಿವೃತ್ತ ಮೇಷ್ಟ್ರು, ಪ್ರಶ್ನೆಗಳಿಗೆ ಬೇಸರಿಸದೆ ಉತ್ತರಿಸಿದ್ದಲ್ಲದೆ ಕೆಲವನ್ನು ತಾನೂ ತಿರುಗಿ ಕೇಳಿದ. ಪೂರ್ವದ ಬಾಗಿಲು, ಸಿಹಿನೀರಿನ ಬಾವಿ, ಸೌದೆ ಒಲೆಯಿರುವ ದೊಡ್ಡ ಅಡುಗೆಮನೆ, ಹಿತ್ತಿಲಲ್ಲಿ ಕರೆಯುವ ಹಸು. ತಿಮ್ಮರಾಯಪ್ಪನವರು ಎರಡು ಕೋಣೆ ಗೊತ್ತುಮಾಡಿ, ಆ ಸಂಜೆ ಕೆರೆಯ ಏರಿಯ ಮೇಲೆ ಎಂದಿಗಿಂತ ಒಂದು ಸುತ್ತು ಹೆಚ್ಚಾಗಿ ನಡೆದರು.

ಭಾನುವಾರ ತಿಂಡಿಯಾದ ಮೇಲೆ ಅವರು ಮನೆಯವರನ್ನೆಲ್ಲ ಕೂರಿಸಿ ಸುದ್ದಿ ತಿಳಿಸಿದರು. ನಂದಕುಮಾರ್ ನಿಜಕ್ಕೂ ಮೆಚ್ಚಿ ತಲೆದೂಗಿದ. ಮೇಷ್ಟ್ರು ಕಳಿಸಿದ್ದ ಫೋಟೋಗಳನ್ನು ಸಂಹಿತಾ ಒಂದೊಂದಾಗಿ ತೋರಿಸಿದಳು. ಗದ್ದೆ. ತೆಂಗಿನ ಮರದ ಸಾಲು. ಬಾವಿಕಟ್ಟೆ. ಹಸು. ಇನ್ನೊಂದು ಮಗ್ಗುಲಿನಿಂದ ಅದೇ ಹಸು.

"ತಾತ, ಸಮುದ್ರ ಎಲ್ಲಿ?"

"ಇರುತ್ತಮ್ಮ. ಹಸು ಅಡ್ಡ ಬಂದಿರ್ಬೇಕು."

ಸಂಹಿತಾ ನಕ್ಷೆ ತೆರೆದು ಬೆರಳಿನಿಂದ ಹಿಗ್ಗಿಸಿದಳು, ಕುಗ್ಗಿಸಿದಳು. "ಹನ್ನೊಂದು ಕಿಲೋಮೀಟರ್ ದೂರ ಇದೆ. ಮಧ್ಯ ಗುಡ್ಡ ಬೇರೆ. ತಾತ, ಇದು ದ್ವೀಪ. ದ್ವೀಪದಲ್ಲಿ ಸಮುದ್ರ ಕಾಣದೇ ಇರೋ ಮನೆ ಹುಡುಕೋದು ಅಷ್ಟು ಸುಲಭ ಅಲ್ಲ."

ನಂದಕುಮಾರ್ ಫೋಟೋವನ್ನು ಮತ್ತೆ ನೋಡಿದ. "ಅಪ್ಪ, ಇದು ನಾನು ಚಿಕ್ಕೋನಾಗಿದ್ದಾಗಿನ ನಮ್ಮ ಪುಟ್ಟೇನಹಳ್ಳಿ ಥರಾನೇ ಇದೆಯಲ್ಲ?"

ಹೌದು, ಹಾಗೆಯೇ ಇತ್ತು. ಸಾವಿರ ಮೈಲಿ ನೀರು ದಾಟಿ ಹೋಗಿ, ತಾನು ಮನೆ ಎಬ್ಬಿಸಿದ ಹೊಲವನ್ನೂ ಮುಚ್ಚಿದ ಬಾವಿಯನ್ನೂ ಆರಿಸಿಕೊಂಡು ಬಂದಿದ್ದೇನೆ ಎಂಬುದು ತಿಮ್ಮರಾಯಪ್ಪನವರಿಗೆ ಅರ್ಥವಾಯಿತು. ಆದರೂ ಬಿಟ್ಟುಕೊಡಲಿಲ್ಲ. "ಒಂದು ದಿನ ಕಾರ್ ಮಾಡ್ಕೊಂಡು ಹೋಗಿ ಸಮುದ್ರ ನೋಡ್ಕೊಂಡು ಬಂದ್ರಾಯ್ತು. ಊಟ ಮುಖ್ಯ. ಕನ್ಯಾಕುಮಾರಿಲಿ ನೋಡಿಲ್ವಾ ಎಲ್ರೂ ಸಮುದ್ರಾನ, ಕಣ್ತುಂಬ."

"ನಾನ್ ನೋಡ್ಲಿಲ್ಲ," ಎಂದರು ಅಕ್ಕಯಮ್ಮ.

ಅವರ ದನಿಯಲ್ಲಿ ದೂರು ಇರಲಿಲ್ಲ. ಅಂಗಡಿಯಲ್ಲಿ ಬೆಲ್ಲ ಸಿಗಲಿಲ್ಲ ಎಂಬಂತೆ ಹೇಳಿದ್ದರು.

"ಏನು ನೋಡ್ಲಿಲ್ಲ? ದಂಡೆ ಮೇಲೆ ಎಲ್ರೂ ಇದ್ರಲ್ಲ."

"ಅಡುಗೆಯೋನು ಮದುರೇಲಿ ಉಳ್ಕೊಂಡ. ನೀವು ಬಾವಿಯಿಂದ ಎದ್ದು ಬಂದು, ಎಲ್ರಿಗೂ ಮುದ್ದೆ ಆಗ್ಬೇಕು ಅಂದ್ರಿ. ಹೆಂಗಸರೆಲ್ಲ ಕಾಳು ಹಾಕಿ, ಕಾಯಿ ರುಬ್ಬಿ ಕೊಟ್ಟು ಹೊರಟ್ರು. ನೀವು ಹೋಗಿ, ತಿರುವಿಟ್ಟು ಬರ್ತೀನಿ ಅಂದೆ. ಒಂದು ಪಾತ್ರೇಲಿ ಆರು ಮುದ್ದೆ ಆಗ್ತಿತ್ತು. ಎಂಟು ಸಲ ತಿರುವಿದೆ. ಮುಗಿಯೋ ಹೊತ್ಗೆ ನೀವೇ ವಾಪಸ್ ಬಂದ್ರಿ."

"ಬೆಳಗ್ಗೆ?" ಎಂದು ಸಂಹಿತಾ ಕೇಳಿದಳು.

"ಬೆಳಗ್ಗೆ ನಾಕು ಗಂಟೆಗೇ ಬಸ್ ಹೊರಟ್ತು. ಕತ್ತಲೆ. ನಾನು ಹಿಂದಿನ ಸೀಟಲ್ಲಿ ಪಾತ್ರೆಗಳ ಜೊತೆ. ಸದ್ದು ಮಾತ್ರ ಕೇಳ್ಸಿತ್ತು ಕಣೆ. ಅಡುಗೆಮನೇಲಿ ಇರೋವಾಗ, ಸ್ಟೌವ್ ಸದ್ದೋ ಸಮುದ್ರದ ಸದ್ದೋ ಅಂತ ಒಂದ್ಸಲ ಪಂಪ್ ಇಳಿಸಿ ನೋಡ್ದೆ. ಆಗ್ಲೂ ಕೇಳ್ತಿತ್ತು. ಓ, ಹಿಂಗಿರುತ್ತೆ ಅಂದ್ಕೊಂಡು ಮತ್ತೆ ಹೊತ್ತಿಸ್ದೆ."

ತಿಮ್ಮರಾಯಪ್ಪನವರ ತಲೆಯೊಳಗೆ ಯಾರೋ ಮರಳಿನ ಮೇಲೆ ನಿಂತು ತಲೆ ಎಣಿಸತೊಡಗಿದರು. ನಲವತ್ತಮೂರು. ಮತ್ತೆ ನಲವತ್ತಮೂರು. ಎಣಿಕೆಯನ್ನು ತಮ್ಮಿಂದಲೇ ಆರಂಭಿಸುವುದು ಅವರ ಅಂದಿನ ಪದ್ಧತಿ, ಇಂದಿನದೂ ಅದೇ. ಹಾಗಿರುವಾಗ ತನ್ನನ್ನು ಬಿಟ್ಟು ಎಣಿಸಿದ್ದೆ ಎಂದು ಅವರಿಗೆ ಹೇಗೆ ತೋರಿತೋ. ಒಬ್ಬರು ನಿಜವಾಗಿಯೂ ಕಡಿಮೆಯಿದ್ದರು. ಆ ಜಾಗದಲ್ಲಿ ಅವರು ತಮ್ಮನ್ನೇ ಎರಡನೆಯ ಸಲ ಎಣಿಸಿ ಲೆಕ್ಕ ಸರಿಮಾಡಿದ್ದರು. ನಲವತ್ತೆರಡು ವರ್ಷ ಊರಿಗೆಲ್ಲ ಅದನ್ನೇ ಹೇಳಿ ನಗಿಸಿದ್ದರು. ಪ್ರತಿ ಸಲವೂ ಅಕ್ಕಯಮ್ಮ ಒಳಗೆಲ್ಲೋ ಕಾಫಿ ಬೆರೆಸುತ್ತ ಅದನ್ನು ಕೇಳಿಸಿಕೊಂಡಿದ್ದರು.

"ಯಾಕೆ ಹೇಳ್ಲಿಲ್ಲ ನೀನು?" ಎಂದು ಕೊನೆಗೆ ಕೇಳಿದರು.

"ನೀವು ಚೆನ್ನಾಗಿ ಹೇಳ್ತಿದ್ರಿ. ಜನ ನಗ್ತಿದ್ರು. ಮಧ್ಯ ಬಾಯಿ ಹಾಕೋದು ಯಾಕೆ ಅಂತ."

ತಿಮ್ಮರಾಯಪ್ಪನವರು ಎದ್ದು, ದೇವರ ಫೋಟೋದ ಹಿಂದಿನಿಂದ ಪ್ಲಾಸ್ಟಿಕ್ ಹಾಳೆ ತೆಗೆದು ಒಮ್ಮೆ ನೋಡಿದರು. ಹದಿನೇಳು ಪ್ರಶ್ನೆಗಳಲ್ಲಿ ಕಿಟಕಿಯ ಮಾತು ಒಂದರಲ್ಲಿ ಮಾತ್ರ ಇತ್ತು. ಅದೂ ಗಾಜು ಒಡೆದರೆ ಯಾರು ಹಾಕಿಸಬೇಕು ಎಂಬ ಬಗ್ಗೆ. ಹಾಳೆಯನ್ನು ಅಲ್ಲಿಯೇ ಇಟ್ಟು ಬಂದು, "ಸಂಹಿತಾ, ಆ ತಮಿಳಮ್ಮನಿಗೆ ಫೋನ್ ಮಾಡು," ಎಂದರು.

"ಯಾರು? ನಿನ್ನ ಬೇಡ ಅಂದ್ರಲ್ಲ, ಅವ್ರಾ?"

"ನಿಂಗೆ ಯಾರು ಹೇಳಿದ್ದು?"

"ಸಂಗಮೇಶ್ ಅಂಕಲ್. ಇಡೀ ಬಿಲ್ಡಿಂಗಿಗೆ ಗೊತ್ತು ತಾತ."

ಫೋನು ಹತ್ತು ಸಲ ರಿಂಗಾಯಿತು. ತಿಮ್ಮರಾಯಪ್ಪನವರು ಹೆಸರು ಹೇಳುವ ಮೊದಲೇ ಒಡತಿ, "ಮೊಳೆ ಸಾರಾ?" ಎಂದಳು. ನಂದಕುಮಾರ್ ಕಿಟಕಿಯ ಕಡೆ ತಿರುಗಿಕೊಂಡ. ಅವನ ಭುಜಗಳು ಅಲುಗುತ್ತಿದ್ದವು.

"ಹೌದಮ್ಮ, ಅವನೇ. ಕೋಣೆ ಇನ್ನೂ ಇದೆಯಾ?"

"ಇವತ್ತು ನಾನು ಕೇಳ್ತೀನಿ, ನೀವು ಹೇಳಿ," ಎಂದಳು ಆಕೆ. ಎಷ್ಟು ಜನ? ಐದು. ಊರು? ಬೆಂಗಳೂರು, ಪುಟ್ಟೇನಹಳ್ಳಿ. ಕುಡಿಯುವವರಿದ್ದಾರೆಯೇ? ಇಲ್ಲ ಎಂದು ಹೇಳಿ, ಮಗನ ಬೆನ್ನನ್ನು ಒಮ್ಮೆ ನೋಡಿ, ಗೊತ್ತಿಲ್ಲ ಎಂದು ತಿದ್ದಿಕೊಂಡರು. ಬಾಡಿಗೆದಾರರು ತಮ್ಮ ಮುಂದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಲ್ಲುತ್ತಿದ್ದುದೇಕೆ ಎಂದು ಆಗ ಗೊತ್ತಾಯಿತು. ತಾವೂ ಹಾಗೆಯೇ ನಿಂತಿದ್ದರು.

"ಯಾಕೆ ಬರ್ತಿದ್ದೀರಿ?"

ಇದು ಹದಿನೇಳರಲ್ಲಿ ಇರಲಿಲ್ಲ. ಅವರು ಅಕ್ಕಯಮ್ಮನ ಕಡೆ ನೋಡಿ, "ನನ್ನ ಹೆಂಡತಿಗೆ ಸಮುದ್ರ ತೋರ್ಸೋದಕ್ಕೆ," ಎಂದರು. "ನಲವತ್ತೆರಡು ವರ್ಷ ತಡವಾಗಿದೆ."

ಆ ಕಡೆಯ ದನಿ ಮೆತ್ತಗಾಯಿತು. "ಮಹಡಿ ಮೇಲಿನ ಮೂಲೆ ಕೋಣೆ ಕೊಡ್ತೀನಿ. ಮಲಗಿದ ಕಡೆಯಿಂದಾನೇ ಕಾಣುತ್ತೆ. ಆದರೆ ಅಡುಗೆಮನೆ ಕೊಡಲ್ಲ ಸಾರ್. ಹೋದ ವರ್ಷ ಬಂದೋರು ಪಾತ್ರೆ ತಳ ಸುಟ್ಟುಹೋದ್ರು. ನಾನು ಮಾಡಿದ್ದನ್ನ ತಿನ್ನಬೇಕು. ಅನ್ನ, ಮೀನಿನ ಸಾರು, ಬೆಳಗ್ಗೆ ಇಡ್ಲಿ."

ಎಂಟು ಕಿಲೋ ಹಿಟ್ಟು ಮೂಲೆಯಲ್ಲಿ ಕುಳಿತು ಕೇಳುತ್ತಿತ್ತು. "ಇಡ್ಲಿಗೆ ಸಾಸ್..." ಎಂದು ಆರಂಭಿಸಿದ ತಿಮ್ಮರಾಯಪ್ಪನವರು ಮಾತನ್ನು ನುಂಗಿಕೊಂಡು, "ನೀವು ಹಾಕಿದ್ದನ್ನ ತಿಂತೀವಮ್ಮ," ಎಂದರು. ಅಲ್ಲಿಗೆ ಕನ್ಯಾಕುಮಾರಿಯ ತಿಮ್ಮರಾಯಪ್ಪ ಒಂದು ವಾರದ ಮಟ್ಟಿಗೆ ರಾಜೀನಾಮೆ ಕೊಟ್ಟಂತಾಯಿತು.

ಮೇಷ್ಟ್ರಿಗೆ ಫೋನು ಮಾಡಿ ಕ್ಷಮೆ ಕೇಳುವ ಕೆಲಸ ನಂದಕುಮಾರನ ಪಾಲಿಗೆ ಬಂತು. ಸೌಮ್ಯ ಹಿಟ್ಟಿನ ಚೀಲವನ್ನು ಡಬ್ಬಕ್ಕೆ ಸುರಿಯಲು ಎತ್ತಿಕೊಂಡು, "ಇವತ್ತು ಮಧ್ಯಾಹ್ನ ಮುದ್ದೇನಾ ಅತ್ತೆ?" ಎಂದಳು.

"ಆಗ್ಲಿ. ತಿರುವೋದು ಇವ್ರೇ," ಎಂದು ಅಕ್ಕಯಮ್ಮ ಗಂಡನ ಕಡೆ ಗಲ್ಲ ತೋರಿಸಿದರು. "ನಲವತ್ತನಾಲ್ಕು ಜನಕ್ಕೆ ಉಣ್ಣಿಸಿದೋರು. ಐದು ಜನ ಒಂದು ಲೆಕ್ಕವಾ?"

ಹಾಗೆ ಆ ಭಾನುವಾರ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ತಿಮ್ಮರಾಯಪ್ಪನವರು ಮೊದಲ ಸಲ ಮುದ್ದೆ ಕೋಲು ಹಿಡಿದರು. ಮುದ್ದೆ ಗಂಟುಗಂಟಾಯಿತು, ಕೋಲು ಪಾತ್ರೆಗೆ ಸಿಕ್ಕಿ ಪಾತ್ರೆಯೇ ಒಲೆಯ ಮೇಲೆ ಸುತ್ತತೊಡಗಿತು, ತೋಳು ಐದೇ ನಿಮಿಷಕ್ಕೆ ಸೋತಿತು. ಎಂಟು ಸಲ ಎಂಬ ಮಾತು ಆಗ ತೋಳಿಗೆ ತಿಳಿಯಿತು. ಬಾಗಿಲ ಬಳಿ ಮಣೆಯ ಮೇಲೆ ಕುಳಿತ ಅಕ್ಕಯಮ್ಮ, "ಪಾತ್ರೇನ ಕಾಲಲ್ಲಿ ಒತ್ತಿ ಹಿಡೀಬೇಕು, ಅದಕ್ಕೆ ಕೆಳಗೆ ಇಟ್ಕೋಬೇಕು," ಎಂದು ತಮ್ಮ ಪಾಡಿಗೆ ಹೇಳುತ್ತಿದ್ದರು.

ಊಟಕ್ಕೆ ಕುಳಿತಾಗ ಎಲ್ಲರೂ ಗಂಟುಗಳನ್ನು ತಟ್ಟೆಯ ಅಂಚಿಗೆ ಸರಿಸಿಟ್ಟರು. ಅತ್ತ ಗಮನ ಹೋಗದಿರಲೆಂದು ತಿಮ್ಮರಾಯಪ್ಪನವರು ಗಂಟಲು ಸರಿಮಾಡಿಕೊಂಡು, "ಎಂಬತ್ತೆರಡನೇ ಇಸವಿ, ಚಿತ್ರಾ ಪೂರ್ಣಿಮೆ..." ಎಂದು ಆರಂಭಿಸಿದರು.

ಸಂಹಿತಾ ಅವರ ತಟ್ಟೆಗೆ ಸಾರು ಬಡಿಸಿ, ಪಕ್ಕಕ್ಕೆ ತಿರುಗಿದಳು.

"ತಾತ, ನೀನು ಊಟ ಮಾಡು. ಅಜ್ಜಿ, ಕನ್ಯಾಕುಮಾರಿದು ಇನ್ನೊಂದ್ಸಲ ಹೇಳು. ಆ ಸ್ಟೌವ್ ಆರಿಸಿದ್ಯಲ್ಲ, ಅಲ್ಲಿಂದ ಹೇಳು."